ಎರಡು ಕಚೇರಿ, ಒಂದು ಚಡ್ಡಿ

ನಜ್ಮಿಯಾ ಹೆಣ ತೊಳೆಯುವವಳು. ನಾಬ್ಲಸ್‌ನಿಂದ ಉತ್ತರಕ್ಕೆ ಹೋಗುವ ರಸ್ತೆಯ ಮೇಲಿನ ನಮ್ಮ ಊರಿನಲ್ಲಿ ಮೂವತ್ತೆಂಟು ವರ್ಷದಿಂದ ಯಾವ ಹೆಂಗಸು ಸತ್ತರೂ ಕೊನೆಯ ಸ್ನಾನ ಅವಳ ಕೈಯಿಂದಲೇ ಆಗಬೇಕು, ಸತ್ತವರ ಮನೆಯಲ್ಲಿ, ಅಲ್ಲಿ ಜಾಗವಿಲ್ಲದಿದ್ದರೆ ಅವಳ ಹಿತ್ತಿಲಿನ ಹಲಗೆಯ ಮೇಲೆ. ಎದೆಯುಬ್ಬಿಸಿಕೊಂಡು ನಡೆಯುವ ದೊಡ್ಡವರೆಲ್ಲರ ತಾಯಂದಿರ ಹೊಟ್ಟೆಯ ಮಡಿಕೆ, ಬೆನ್ನಿನ ಹುಣ್ಣು, ಯಾರಿಗೂ ತೋರಿಸದೆ ಮುಚ್ಚಿಟ್ಟ ಏಟಿನ ಗುರುತು, ಎಲ್ಲವೂ ಅವಳಿಗೆ ಗೊತ್ತಿತ್ತು. ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಅವಳು ಯಾವತ್ತೂ ಆಡಲಿಲ್ಲ. ಆದರೆ ಅಷ್ಟೆಲ್ಲ ಕಂಡ ಮೇಲೆ ಯಾವ ಮೀಸೆಯ ಮುಂದೆಯೂ ಅವಳಿಗೆ ನಾಲಿಗೆ ತೊದಲುತ್ತಿರಲಿಲ್ಲ.

ಅವಳ ಅಪ್ಪ ಅಮ್ಮ ನಲವತ್ತೆಂಟರ ಯುದ್ಧದಲ್ಲಿ ಕರಾವಳಿಯ ಹಳ್ಳಿ ಬಿಟ್ಟು ಓಡಿ ಬಂದ ಮರುವರ್ಷದ ಚಳಿಗಾಲದಲ್ಲಿ, ಡೇರೆಯೊಂದರಲ್ಲಿ ಅವಳು ಹುಟ್ಟಿದ್ದು. ಹತ್ತೊಂಬತ್ತಕ್ಕೆ ಕಲ್ಲುಗಣಿಯ ಕೆಲಸದವನೊಬ್ಬನಿಗೆ ಕೊಟ್ಟು ಮದುವೆ ಮಾಡಿದರು. ಅತ್ತೆ ಹೆಣ ತೊಳೆಯುವವಳಾಗಿದ್ದಳು. ಮದುವೆಯಾದ ಆರನೆಯ ತಿಂಗಳಿಗೆ ಸೊಸೆಯನ್ನು ಕರೆದುಕೊಂಡು ಹೋಗಿ, "ನೀರು ಬೆಚ್ಚಗಿರ್ಲಿ, ಬಿಸಿ ಬೇಡ. ಬಲಗಡೆಯಿಂದ ಶುರು ಮಾಡು. ಮುಖ ನೋಡ್ಬೇಡ, ಕೆಲಸ ನೋಡು," ಎಂದಳು. ಅಷ್ಟೇ ಪಾಠ. ಗಂಡ ಕಲ್ಲಿನ ಧೂಳು ಕುಡಿದು ಕುಡಿದು, ನಲವತ್ತೈದಕ್ಕೆ ಕೆಮ್ಮುತ್ತಲೇ ಹೋದ. ಉಳಿದವನು ಒಬ್ಬನೇ ಮಗ ಖಲ್ದೂನ್. ಅವನು ಹುಟ್ಟಿದಾಗಿನಿಂದ ಅವಳು ಊರಿಗೆಲ್ಲ ಉಮ್ಮ್ ಖಲ್ದೂನ್, ಖಲ್ದೂನನ ತಾಯಿ.

ಇಸ್ರೇಲಿಗರ ವಿರುದ್ಧದ ಎರಡನೆಯ ಬಂಡಾಯದ ವರ್ಷಗಳಲ್ಲಿ ಊರಿನಲ್ಲಿ ಸಾವಿಗೆ ಬರವಿರಲಿಲ್ಲ. ಆದರೆ ಹುತಾತ್ಮರನ್ನು ತೊಳೆಯುವ ಹಾಗಿಲ್ಲ, ರಕ್ತ ಮೆತ್ತಿದ ಬಟ್ಟೆಯಲ್ಲೇ ಮಣ್ಣು ಮಾಡಬೇಕು. "ಇಷ್ಟೊಂದು ಜನ ಸಾಯ್ತಿದಾರೆ, ನಂಗೆ ಮಾತ್ರ ಕೆಲಸ ಇಲ್ಲ," ಎಂದು ಬಾವಿಕಟ್ಟೆಯ ಹೆಂಗಸರ ಮುಂದೆ ಹೇಳಿದ್ದಳು. ಯಾರೂ ನಗಲಿಲ್ಲ. ಅವಳೂ ನಗಲೆಂದು ಹೇಳಿರಲಿಲ್ಲ.

ಖಲ್ದೂನ್ ಕೊಳಾಯಿ ಕೆಲಸದವನು. ಸಣಕಲು ಆಳು, ಇಪ್ಪತ್ತೊಂಬತ್ತು ವರ್ಷ, ಬೀಡಿ ಸಿಗರೇಟು ಮುಟ್ಟಿದವನಲ್ಲ. ಅವನು ವೀರನೂ ಅಲ್ಲ, ಏನೂ ಅರಿಯದ ಕೂಸೂ ಅಲ್ಲ. ಬಂಡಾಯ ಜೋರಾಗಿದ್ದಾಗ ಬಂದೂಕಿನ ಇಬ್ಬರನ್ನು ತನ್ನ ಅಂಗಡಿಯ ಅಟ್ಟದ ಮೇಲೆ, ಪೈಪುಗಳ ನಡುವೆ, ಹನ್ನೆರಡು ದಿನ ಮಲಗಿಸಿದ್ದ. ಊರಿನಲ್ಲಿ ಇಂಥದ್ದು ಮಾಡದವರನ್ನು ಎಣಿಸುವುದೇ ಸುಲಭ. ಆದರೆ ಆ ಇಬ್ಬರಲ್ಲಿ ಒಬ್ಬ ಸಿಕ್ಕಿಬಿದ್ದು ಬಾಯಿಬಿಟ್ಟ. ಇಸ್ರೇಲಿಗರ ಪಟ್ಟಿಯಲ್ಲಿ ಖಲ್ದೂನನ ಹೆಸರು ಸೇರಿತು.

ಆ ಹೊತ್ತಿಗೆ ನಮ್ಮ ಊರಿನಲ್ಲಿ ನಮ್ಮವರದೇ ಎರಡು ಭದ್ರತಾ ಕಚೇರಿಗಳಿದ್ದವು. ದೇಶ ಇನ್ನೂ ಬಂದಿರಲಿಲ್ಲ, ದೇಶ ಕಾಯುವವರು ಮಾತ್ರ ಎರಡೆರಡು ಕಡೆ ಬಂದು ಕೂತಿದ್ದರು. ಗುಡ್ಡದ ಮೇಲಿನ ಕಚೇರಿಯವರದು ಕಪ್ಪು ಟೋಪಿ, ಪೇಟೆಯೊಳಗಿನ ಕೆಳಗಿನ ಕಚೇರಿಯವರದು ಕೆಂಪು. ಎರಡಕ್ಕೂ ಹೊರದೇಶದವರು ಕಟ್ಟಿಸಿಕೊಟ್ಟ ಕಲ್ಲಿನ ಕಟ್ಟಡ, ಎರಡಕ್ಕೂ ನೆಲಮಾಳಿಗೆ, ಎರಡಕ್ಕೂ ಒಬ್ಬೊಬ್ಬ ಕರ್ನಲ್. ಮೇಲೆ ಕರ್ನಲ್ ಮುಂದಿರ್, ಕೆಳಗೆ ಕರ್ನಲ್ ಲುತ್ಫಿ. ಇಬ್ಬರೂ ಒಂದೇ ಬೀದಿಯಲ್ಲಿ ಮೂಗು ಸೋರಿಸಿಕೊಂಡು ಬೆಳೆದವರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಯಾರ ಹತ್ತಿರ ಹೆಚ್ಚು ಕೈದಿಗಳಿದ್ದಾರೋ ಅವನೇ ದೊಡ್ಡ ಮನುಷ್ಯ ಎಂದು ಇಬ್ಬರನ್ನೂ ಆಳುವ ರಾಮಲ್ಲಾದ ದೊರೆಗಳು ಲೆಕ್ಕ ಹಾಕುತ್ತಿದ್ದರು. ಆದ್ದರಿಂದ ಊರಿನ ಗಂಡುಮಕ್ಕಳನ್ನು ಇವರಿಬ್ಬರೂ ಸಂತೆಯಲ್ಲಿ ಕುರಿ ಹಿಡಿದ ಹಾಗೆ ಹಿಡಿಯುತ್ತಿದ್ದರು.

ಖಲ್ದೂನನನ್ನು ಮೊದಲು ಹಿಡಿದವರು ಕೆಂಪು ಟೋಪಿಯವರು. ಇಪ್ಪತ್ನಾಲ್ಕು ದಿನ ಇಟ್ಟುಕೊಂಡರು. ಊರಿನ ನ್ಯಾಯಾಧೀಶ, ಮುದುಕ, ಯಾರ ಹಂಗಿನವನೂ ಅಲ್ಲದವನು, ಆಪಾದನೆ ಎಲ್ಲಿ ಎಂದು ಕೇಳಿ, ಇಲ್ಲದ್ದನ್ನು ಕಂಡು ಬಿಟ್ಟುಬಿಡಿ ಎಂದು ಬರೆದ. ನಜ್ಮಿಯಾ ಗೇಟಿನ ಮುಂದೆ ಹೋಗಿ ನಿಂತಳು. ಹನ್ನೊಂದು ಗಂಟೆಗೆ ಮಗ ಹೊರಗೆ ಬಂದ. ತಾಯಿಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಕಪ್ಪು ಟೋಪಿಯವರ ಜೀಪು ಬಂದು ನಿಂತಿತು. ಅವರು ಒಂದು ಕೈ ಹಿಡಿದರು. "ನಮ್ಮವನನ್ನ ಬಿಡ್ರೋ" ಎನ್ನುತ್ತ ಕೆಂಪು ಟೋಪಿಯವರು ಓಡಿ ಬಂದು ಇನ್ನೊಂದು ಕೈ ಹಿಡಿದರು. ಒಂದು ನಿಮಿಷದ ಹಿಂದೆ ಬಿಟ್ಟು ಕಳಿಸಿದ್ದ ಮನುಷ್ಯ ಈಗ ಅವರಿಗೆ ಪ್ರಾಣಕ್ಕಿಂತ ಹೆಚ್ಚಾಗಿದ್ದ. ಎಳೆದಾಟ, ಬೈದಾಟ, ಧೂಳು. ಅಷ್ಟರಲ್ಲಿ ಕೆಂಪು ಟೋಪಿಯವರ ಜೀಪೂ ಬಂದಿತ್ತು; ಎರಡೂ ಒಟ್ಟಿಗೇ ಚಾಲೂ ಆಗಿ, ಒಂದು ಗುಡ್ಡದ ಕಡೆ, ಒಂದು ಕಚೇರಿಯ ಹಿಂದಿನ ಗೇಟಿನ ಕಡೆ ಓಡಿದವು. ಮಗ ಯಾವುದರಲ್ಲಿದ್ದ ಎಂದು ಅವಳಿಗೆ ಕಾಣಲಿಲ್ಲ. ರಸ್ತೆಯ ಮೇಲೆ ಅವನ ಅಂಗಿಯ ಎಡತೋಳು ಬಿದ್ದಿತ್ತು. ಎತ್ತಿ ಕೊಡವಿ, ಚೀಲಕ್ಕೆ ಹಾಕಿಕೊಂಡಳು.

ಮೊದಲು ಗುಡ್ಡ ಹತ್ತಿದಳು. ಗೇಟಿನಲ್ಲಿದ್ದವನು, "ಇಲ್ಲಿಲ್ಲ ಹಜ್ಜಾ, ಆ ಹೆಸರಿನೋರು ಯಾರೂ ಇಲ್ಲ," ಎಂದ.

"ಹಜ್ಜಾ ಅನ್ಬೇಡ ಕಣಪ್ಪ. ನಾನಿನ್ನೂ ಮೆಕ್ಕಾ ನೋಡಿಲ್ಲ."

ಗುಡ್ಡ ಇಳಿದು ಕೆಳಗಿನ ಕಚೇರಿಗೆ ಹೋದಳು. ಅಲ್ಲಿ ಲುತ್ಫಿಯೇ ಎದುರಿಗೆ ಬಂದ. ಮುಖದ ತುಂಬ ಜೇನು. "ಇಲ್ಲೇ ಇದಾನೆ ಖಾಲ್ತಿ, ನಮ್ಮ ಹತ್ರಾನೇ. ಅವನ ರಕ್ಷಣೆಗೇ ಇಟ್ಕೊಂಡಿದೀವಿ. ಊಟ ಕಳ್ಸು, ಬಟ್ಟೆ ಕಳ್ಸು."

ಖಾಲ್ತಿ ಎಂದರೆ ಚಿಕ್ಕಮ್ಮ. ಬೇಕಾದಾಗ ಎಲ್ಲರೂ ಅವಳ ಅಕ್ಕನ ಮಕ್ಕಳೇ. "ಒಂದು ಸಲ ಮುಖ ತೋರ್ಸು" ಎಂದರೆ, ತನಿಖೆ ಮುಗಿಯುವವರೆಗೆ ಆಗುವುದಿಲ್ಲ ಎಂದ.

ಅವಳು ಬೇಳೆ ಅನ್ನ ಮಾಡಿ, ಮೇಲೆ ಹುರಿದ ಈರುಳ್ಳಿ ಹರಡಿ, ಡಬ್ಬಿ ಕಳಿಸಿದಳು. ಡಬ್ಬಿ ಖಾಲಿಯಾಗಿ ಬಂತು. ನಮ್ಮಲ್ಲಿ ಪ್ರತಿ ಗುರುವಾರ ಕೈದಿಯ ಕೊಳೆ ಬಟ್ಟೆಯನ್ನು ಗೇಟಿನಲ್ಲಿ ಮನೆಯವರಿಗೆ ಕೊಡುತ್ತಾರೆ, ಒಗೆದದ್ದನ್ನು ಇಸಿದುಕೊಳ್ಳುತ್ತಾರೆ. ಸೆರೆಯಲ್ಲಿರುವವನು ಬದುಕಿದ್ದಾನೆ ಎನ್ನುವುದಕ್ಕೆ ತಾಯಂದಿರಿಗೆ ಅದೇ ರುಜು. ಗುರುವಾರ ನಜ್ಮಿಯಾಳಿಗೂ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಮನೆಗೆ ತಂದು ಬುಟ್ಟಿಗೆ ಸುರಿದಳು. ಒಂದು ಬನಿಯನ್, ಒಂದು ಚಡ್ಡಿ.

ಸಾವಿರ ಮೈಗಳನ್ನು ತಿರುಗಿಸಿ ಮಗುಚಿ ತೊಳೆದವಳ ಮುಂದೆ ಆ ಕಚೇರಿಯವರು ಈ ಆಟ ಹೂಡಿದ್ದರು. ಬಟ್ಟೆ ನೋಡಿದರೆ ಮೈ ಹೇಳುತ್ತಾಳೆ ಅವಳು. ಚಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ಅದರಲ್ಲಿ ಖಲ್ದೂನ್ ಮತ್ತು ಅವನ ಪಾನಾಗಳ ಚೀಲ ಎರಡೂ ಹಿಡಿಯುತ್ತಿದ್ದವು. ಬನಿಯನ್ನಿಗೆ ಸಿಗರೇಟಿನ ಘಾಟು. ಚಡ್ಡಿಯ ತೊಡೆಸಂದಿನಲ್ಲಿ ಹರಿದ ಕಡೆ ಯಾರೋ ಹಸಿರು ದಾರದಲ್ಲಿ ಹೆಣಿಗೆಯ ಹಾಗೆ ನೀಟಾಗಿ ಹೊಲಿದಿದ್ದರು. ಅವಳ ಮನೆಯಲ್ಲಿ ಬಿಳಿ ದಾರ ಬಿಟ್ಟು ಬೇರೆ ದಾರವೇ ಇರಲಿಲ್ಲ. ಹೆಣದ ಬಟ್ಟೆಗೆ ಇನ್ಯಾವ ಬಣ್ಣ?

ಚಡ್ಡಿ ಹಿಡಿದುಕೊಂಡೇ ಲುತ್ಫಿಯ ಕೋಣೆಗೆ ಹೋಗಿ ಮೇಜಿನ ಮೇಲೆ ಇಟ್ಟಳು.

"ಇದು ನನ್ನ ಮಗನ್ದಲ್ಲ."

"ಅವನದೇ ಖಾಲ್ತಿ. ಇಲ್ಲಿ ಬಂದ್ಮೇಲೆ ದಪ್ಪ ಆಗಿದಾನೆ. ಅಷ್ಟು ಚೆನ್ನಾಗಿ ನೋಡ್ಕೋತಿದೀವಿ."

"ಏಳು ದಿನದಲ್ಲಿ?"

"ನಿನ್ನ ಕೈ ಅಡುಗೆ ಅಂದ್ರೆ ಸುಮ್ನೆ ಆಯ್ತಾ?"

"ಸಿಗರೇಟು ಕಲಿಸಿದೀರಿ, ಹೊಲಿಗೆ ಬೇರೆ ಕಲಿಸಿದೀರಿ. ಜೈಲೋ, ಶಾಲೆಯೋ ಇದು? ಲುತ್ಫಿ, ನಿನ್ನ ಅಜ್ಜೀನ ತೊಳ್ದಿದೀನಿ ನಾನು. ನಿನ್ನ ಮನೆಯೋರ ಸೊಂಟ ಎಷ್ಟು ಅಂತ ಈಗ್ಲೂ ಹೇಳ್ತೀನಿ. ನನ್ನ ಮಗನ ಸೊಂಟ ನಂಗೊತ್ತಿಲ್ವಾ?"

ಲುತ್ಫಿ ನಗುವುದನ್ನು ನಿಲ್ಲಿಸಿದ. ಚಡ್ಡಿಯನ್ನು ಪೆನ್ನಿನ ತುದಿಯಿಂದ ಅವಳ ಕಡೆಗೆ ತಳ್ಳಿ, ಹೊರಗೆ ಕಳಿಸು ಎಂದು ಕಾವಲಿನವನಿಗೆ ಸನ್ನೆ ಮಾಡಿದ. ಅವಳು ಚಡ್ಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಅದು ಯಾವ ತಾಯಿಯ ಮಗನದೋ, ಬಿಟ್ಟು ಬರುವ ಮನಸ್ಸಾಗಲಿಲ್ಲ.

ಆಗ ಇಸ್ರೇಲಿಗರ ಕ್ಷಮೆಯ ಪಟ್ಟಿಯ ಸುದ್ದಿ ಬಂತು. ಪಟ್ಟಿಯಲ್ಲಿರುವವರು ನಮ್ಮವರ ಕಚೇರಿಯಲ್ಲಿ ಮೂರು ತಿಂಗಳು ಮಲಗಬೇಕು, ಹೊರಗೆ ಕಾಲಿಡಬಾರದು. ಹಾಗೆ ಮಾಡಿದವರನ್ನು ಇಸ್ರೇಲಿ ಸೈನ್ಯ ಮುಟ್ಟುವುದಿಲ್ಲವಂತೆ. ನಮ್ಮ ಮಕ್ಕಳನ್ನು ನಮ್ಮವರ ಕೈಯಿಂದಲೇ ಕೂಡಿಹಾಕಿಸುವ ಈ ಏರ್ಪಾಟಿಗೆ ಶಾಂತಿಯತ್ತ ಹೆಜ್ಜೆ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ಎರಡು ಕಡೆಯವರೂ ಎತ್ತಿದ ಕೈ.

ಖಲ್ದೂನನ ಹೆಸರನ್ನು ಎರಡು ಕಚೇರಿಗಳೂ ತಮ್ಮ ತಮ್ಮ ಪಟ್ಟಿಯಲ್ಲಿ ಬರೆದು ಕಳಿಸಿದವು. ಒಂದೇ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ನೆಲಮಾಳಿಗೆಗಳಲ್ಲಿ ಮಲಗುತ್ತಿದ್ದ. ಇಸ್ರೇಲಿಗರ ಕಡೆಯಿಂದ ಊರನ್ನು ನೋಡಿಕೊಳ್ಳುತ್ತಿದ್ದವನು ತನ್ನನ್ನು ಕ್ಯಾಪ್ಟನ್ ಫಾರಿಸ್ ಎಂದು ಕರೆದುಕೊಳ್ಳುತ್ತಿದ್ದ. ಅವರೆಲ್ಲ ಹೀಗೆ ನಮ್ಮ ಹೆಸರುಗಳನ್ನು ಬಾಡಿಗೆ ಇಲ್ಲದೆ ಹಾಕಿಕೊಳ್ಳುತ್ತಾರೆ. ಅವನು ಎರಡು ಕಚೇರಿಗಳಿಗೂ ಫೋನು ಮಾಡಿ, ಒಂದು ವಾರದೊಳಗೆ ಯಾರ ಹತ್ತಿರ ಇದ್ದಾನೆಂದು ತಾಯಿಯ ಹೆಬ್ಬೆಟ್ಟಿನ ಕಾಗದ ಕಳಿಸಿ, ಇಲ್ಲದಿದ್ದರೆ ನಾವೇ ಬಂದು ಹುಡುಕುತ್ತೇವೆ ಎಂದನಂತೆ.

ಮಾರನೆಯ ದಿನವೇ ಗುಡ್ಡದ ಮೇಲಿನಿಂದ ನಜ್ಮಿಯಾಳಿಗೆ ಕರೆ ಬಂತು. ಯಾರೂ ಇಲ್ಲ ಎಂದಿದ್ದ ಗೇಟಿನವನು ಈಗ ಕುರ್ಚಿ ಹಾಕಿದ. ಕರ್ನಲ್ ಮುಂದಿರ್ ಒಂದು ಕಾಗದ ಮುಂದಿಟ್ಟ. ನನ್ನ ಮಗ ತನ್ನ ಇಚ್ಛೆಯಿಂದ, ತನ್ನ ರಕ್ಷಣೆಗಾಗಿ ಈ ಕಚೇರಿಯಲ್ಲಿದ್ದಾನೆ, ನಾನೇ ಕೇಳಿಕೊಂಡು ಇರಿಸಿದ್ದೇನೆ ಎಂದು ಅದರಲ್ಲಿ ಬರೆದಿತ್ತು.

"ಇಲ್ಲಿ ಒತ್ತು ಹಜ್ಜಾ."

"ಮೊದ್ಲು ಮಗನ್ನ ತೋರ್ಸು."

"ಒತ್ತಿದ ಮೇಲೆ ತೋರಿಸ್ತೀನಿ."

"ಹೋದ ತಿಂಗಳು ಅವನು ಇಲ್ಲಿ ಇರ್ಲೇ ಇಲ್ಲ. ಈಗ ನಾನೇ ತಂದು ಬಿಟ್ಟೆನಾ? ನಿನ್ನ ಗೇಟು ಸುತ್ತಿದ್ದು ಏಳು ಸಲ ಆಯ್ತು ಮುಂದಿರ್, ಮೆಕ್ಕಾದಲ್ಲೂ ಏಳೇ ಸುತ್ತು. ಈಗ ಹಜ್ಜಾ ಅನ್ನು, ಪರ್ವಾಗಿಲ್ಲ."

ಸಂಜೆ ಅಂಥದೇ ಕಾಗದ ಹಿಡಿದುಕೊಂಡು ಲುತ್ಫಿಯ ಕಡೆಯವರು ಮನೆಗೇ ಬಂದರು. ಅಕ್ಷರ ಕೂಡ ಬೇರೆ ಇರಲಿಲ್ಲ, ಕಚೇರಿಯ ಹೆಸರು ಮಾತ್ರ ಬೇರೆ. ಅವಳು ಅದಕ್ಕೂ ಸೊಪ್ಪು ಹಾಕಲಿಲ್ಲ. ನೆರೆಯವರು ಹೆದರಿಸಿದರು: ಯಾವುದಾದರೂ ಒಂದಕ್ಕೆ ಒತ್ತಿಬಿಡು, ಸುಳ್ಳು ಕಾಗದಕ್ಕೆ ಒತ್ತಿದರೂ ಮಗ ಉಳಿಯುತ್ತಾನೆ. "ಎಲ್ಲಿದಾನೆ ಅಂತ ಗೊತ್ತಿಲ್ದೆ ಒತ್ತಿದ್ರೆ, ಸತ್ತಿದ್ರೂ ಒತ್ತಿದ ಹಾಗೇ ಅಲ್ವೇನ್ರೇ," ಎಂದಳು. ಮಗನ ಉಸಿರು ಯಾರ ನೆಲಮಾಳಿಗೆಯಲ್ಲಿದೆ ಎನ್ನುವುದೊಂದು ಅವಳಿಗೆ ಬೇಕಾಗಿತ್ತು. ವಾರದಲ್ಲಿ ಉಳಿದದ್ದು ಮೂರು ದಿನ.

ಆ ಮೂರು ದಿನದಲ್ಲಿ ಮೊದಲನೆಯ ದಿನ ಬೆಳಿಗ್ಗೆ ಕರ್ನಲ್ ಮುಂದಿರ್‌ನ ತಾಯಿ ಸತ್ತಳು.

ಊರು ಕಿವಿಯರಳಿಸಿತು. ಬರುವುದಿಲ್ಲ ಎನ್ನುತ್ತಾಳೆ ಎಂದು ಕೆಲವರು ಪಣ ಕಟ್ಟಿದರು. ಅವರಿಗೆ ಅವಳ ಕಸುಬು ಗೊತ್ತಿರಲಿಲ್ಲ. ಹೆಣಕ್ಕೆ ಬರುವುದಿಲ್ಲ ಎನ್ನುವ ಹಾಗಿಲ್ಲ, ಅದು ಯಾರ ತಾಯಿಯೇ ಆಗಿರಲಿ. ಮುಂದಿರ್ ಟೋಪಿ ತೆಗೆದು ಅವಳ ಬಾಗಿಲಲ್ಲಿ ನಿಂತ. ಅವಳು ಕರ್ಪೂರದ ಡಬ್ಬಿ, ಬೋರೆ ಎಲೆಯ ಪುಡಿ, ಬಿಳಿ ದಾರ ಎತ್ತಿಕೊಂಡು ಹೊರಟಳು. ಹೊರಡುವಾಗ ಚಡ್ಡಿಯನ್ನೂ ಚೀಲಕ್ಕೆ ತುರುಕಿದಳು.

ಗಂಡಸರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿದಳು. ಮುದುಕಿ ಹಗುರಾಗಿದ್ದಳು. ಮೂರು ಸಲ ನೀರು ಹೊಯ್ದು, ಕೊನೆಯ ನೀರಿಗೆ ಕರ್ಪೂರ ಹಾಕಿ, ಕೂದಲನ್ನು ಮೂರು ಜಡೆ ಹೆಣೆದು, ಐದು ಬಟ್ಟೆ ಸುತ್ತಿದಳು. ಒಂದು ಹನಿ ಕಡಿಮೆ ಮಾಡಲಿಲ್ಲ. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಮಣ್ಣು ಮಾಡಿ ಬಂದರು. ಸಂತಾಪದ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಗಂಡಸರು ಸಾಲಾಗಿ ಕೂತರು. ಲುತ್ಫಿಯೂ ಬಂದಿದ್ದ. ಹಗೆತನ ಇದ್ದರೂ ಸಾವಿಗೆ ಬರದಿದ್ದರೆ ಊರು ಉಗಿಯುತ್ತದೆ.

ನಮ್ಮ ಊರಿನಲ್ಲೊಂದು ರೂಢಿ. ಮಣ್ಣು ಮಾಡಿ ಬಂದ ಮೇಲೆ ಸತ್ತವಳ ಹಿರಿಯ ಮಗ ಹೆಣ ತೊಳೆದವಳ ಕೈಗೆ ತಾನೇ ನೀರು ಹೊಯ್ಯಬೇಕು. ಅವಳು ಕೈ ತೊಳೆದುಕೊಳ್ಳುವವರೆಗೆ ಸಾವಿನ ಮನೆಯಲ್ಲಿ ಕಾಫಿ ಹಂಚುವ ಹಾಗಿಲ್ಲ. ಪ್ರತಿ ಸಲ ಇದು ಹೆಂಗಸರ ಕಡೆಯ ಹಿತ್ತಿಲಲ್ಲಿ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅವತ್ತು ಮುಂದಿರ್ ಹೂಜಿ ಹಿಡಿದು ಹಿತ್ತಿಲಿಗೆ ಹೋದರೆ ನಜ್ಮಿಯಾ ಅಲ್ಲಿರಲಿಲ್ಲ. ಅವಳು ಕರ್ಪೂರ ನಾರುವ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಗಂಡಸರ ಹಜಾರದೊಳಗೆ ನಡೆದು ಬಂದಿದ್ದಳು. ಅವಳು ಹಾದುಹೋದ ಕಡೆಯಲ್ಲೆಲ್ಲ ಕುರ್ಚಿಗಳು ಹಿಂದಕ್ಕೆ ಸರಿದವು. ಹಜಾರದ ನಡುವೆ ನಿಂತಳು. ಹೂಜಿ ಹಿಡಿದ ಕರ್ನಲ್ ಹಿಂದೆಯೇ ಓಡಿ ಬಂದ.

"ಇಲ್ಯಾಕೆ ಬಂದೆ ಉಮ್ಮ್ ಖಲ್ದೂನ್? ಹಿಡಿ ಕೈ, ನೀರು ಹಾಕ್ತೀನಿ."

"ಹಿಡೀತೀನಿ. ನಿನ್ನ ತಾಯೀನ ನನ್ನ ಕೈಗೆ ಕೊಟ್ಟಾಗ ನಾನು ಕಾಗದ ಕೇಳಿದ್ನಾ? ಒತ್ತು ಅಂದ್ನಾ? ಎಲ್ಲಿ ಇಟ್ಟಿದೀನಿ ಅಂತ ಮುಚ್ಚಿಟ್ನಾ? ನನ್ನ ಮಗ ಎಲ್ಲಿ, ಅಷ್ಟು ಹೇಳಿ ನೀರು ಹಾಕು."

ಮುಂದಿರ್ ಹಲ್ಲು ಕಚ್ಚಿದ. ಅವನು ಬಾಯಿ ತೆರೆಯುವ ಮೊದಲೇ ಲುತ್ಫಿ ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿ, "ಅವರನ್ಯಾಕೆ ಕೇಳ್ತೀಯ ಖಾಲ್ತಿ? ನಿನ್ನ ಮಗ ನನ್ನ ಹತ್ರ ಇದಾನೆ ಅಂತ ಊರಿಗೇ ಗೊತ್ತು. ಸಾವಿನ ಮನೇಲಿ ಇದೆಲ್ಲ ಬೇಡ," ಎಂದ. ಎದುರಾಳಿಯ ಮನೆಯಲ್ಲಿ ಕೂತು, ಅವನ ಸಂಕಟದ ದಿನವೇ ಅವನಿಗಿಂತ ದೊಡ್ಡವನಾಗುವ ಅವಕಾಶ ಬಿಡುವಷ್ಟು ಬುದ್ಧಿ ಅವನಿಗಿರಲಿಲ್ಲ.

ಮುಂದಿರ್‌ಗೆ ಪಿತ್ತ ನೆತ್ತಿಗೇರಿತು. "ನಿನ್ನ ಹತ್ರಾನಾ? ಸುಳ್ಳು ಬೊಗಳ್ತೀಯಲ್ಲೋ. ನಲವತ್ತು ದಿನದಿಂದ ನನ್ನ ನೆಲಮಾಳಿಗೇಲಿ ಬಿದ್ದಿದಾನೆ ಅವನು. ನಿನ್ನ ಗೇಟಿಂದಲೇ ಕಿತ್ಕೊಂಡು ಬಂದಿದ್ದು, ನಿಮ್ಮೋರು ತೋಳು ಹಿಡ್ಕೊಂಡು ನಿಂತಿದ್ರು."

ಹೇಳಿದ್ದೇನೆಂದು ಮುಂದಿರ್‌ಗೆ ಹೇಳಿ ಮುಗಿದ ಮೇಲೆ ಗೊತ್ತಾಯಿತು. ನಲವತ್ತು ದಿನದಲ್ಲಿ ಒಬ್ಬ ತಾಯಿ ಗೇಟಿನಿಂದ ಗೇಟಿಗೆ ಅಲೆದು ಪಡೆಯಲಾಗದ್ದನ್ನು ಇವರಿಬ್ಬರ ಒಣ ಜಂಬ ಒಂದು ನಿಮಿಷದಲ್ಲಿ ಕಕ್ಕಿತ್ತು.

ನಜ್ಮಿಯಾ ಚೀಲದಿಂದ ಚಡ್ಡಿ ತೆಗೆದು, ಖರ್ಜೂರದ ತಟ್ಟೆಯ ಪಕ್ಕ ಹರಡಿದಳು. "ಹಾಗಾದ್ರೆ ಲುತ್ಫಿ, ಇದ್ಯಾರ್ದು?"

ಮೂರನೆಯ ಸಾಲಿನಲ್ಲಿದ್ದ ಅಬೂ ನಯೀಫ್, ಎಂದರೆ ನಯೀಫನ ಅಪ್ಪ, ಬೇಕರಿಯ ಮುದುಕ, ಕನ್ನಡಕ ಏರಿಸಿಕೊಂಡು ಎದ್ದು ಬಂದ. ಬಗ್ಗಿ ಹಸಿರು ಹೊಲಿಗೆಯನ್ನು ಬೆರಳಲ್ಲಿ ಸವರಿದ. "ಇದು ನನ್ನ ಸೊಸೆ ಹೊಲಿಗೆ. ಹಸಿರು ಬಿಟ್ಟು ಬೇರೆ ದಾರ ಮುಟ್ಟಲ್ಲ ಅವಳು." ಆಮೇಲೆ ಲುತ್ಫಿಯ ಕಡೆ ತಿರುಗಿದ. "ನನ್ನ ನಯೀಫನ್ನ ಜೆರಿಕೋ ಜೈಲಿಗೆ ಸಾಗಿಸಿದೀವಿ, ಇಲ್ಲಿಲ್ಲ ಅಂದಿದ್ಯಲ್ಲಪ್ಪ. ಎರಡು ತಿಂಗಳಾಯ್ತು. ಜೆರಿಕೋಗೆ ಮೂರು ಸಲ ಹೋಗಿ ಬಂದೆ ನಾನು, ಈ ಮಂಡಿ ಇಟ್ಕೊಂಡು."

ಲುತ್ಫಿ ಎದ್ದು ಬಾಗಿಲ ಕಡೆ ನಡೆದ. ಹೆಜ್ಜೆಗೊಬ್ಬರ ಕಾಲು ಅಡ್ಡ ಬಂತು. ಯಾರೂ ಅವನನ್ನು ಮುಟ್ಟಲಿಲ್ಲ, ಯಾರೂ ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಹಾರಿ, ದಾಟಿ, ಎಡವಿ ಹೊರಗೆ ಹೋದ.

ಇಡೀ ಊರಿನ ಮುಂದೆ ಒಪ್ಪಿಕೊಂಡಾಗಿತ್ತು, ಮುಂದಿರ್ ಮೇಲಿನ ಕಚೇರಿಗೆ ಹೇಳಿ ಕಳಿಸಿದ; ಒಂದು ಗಂಟೆಯಲ್ಲಿ ಗುಡ್ಡದಿಂದ ಜೀಪು ಇಳಿಯಿತು. ಖಲ್ದೂನ್ ಗಡ್ಡ ಬೆಳೆಸಿಕೊಂಡು, ಒಂದೇ ತೋಳಿನ ಅದೇ ಅಂಗಿಯಲ್ಲಿ ಹಜಾರದೊಳಗೆ ಬಂದ. ದಪ್ಪವಾಗಿರಲಿಲ್ಲ. ಮುಂದಿರ್ ಹೂಜಿ ಕೆಳಗಿಟ್ಟು ತಗ್ಗಿದ ದನಿಯಲ್ಲಿ ಹೇಳಿದ:

"ಕರ್ಕೊಂಡು ಹೋಗು. ಆದ್ರೆ ತಿಳ್ಕೊ, ನಮ್ಮ ಕಚೇರಿಯಿಂದ ಹೊರಗೆ ಹೋದ್ರೆ ಪಟ್ಟಿಯಿಂದ ಹೆಸರು ಹೋಗತ್ತೆ. ಇಸ್ರೇಲಿಗರು ಬಂದು ಹಿಡೀತಾರೆ. ಇನ್ನೊಂದು ಕಾಗದ ತರಿಸ್ಲಾ? ಒತ್ತಿದ್ರೆ ಇಟ್ಕೋತೀನಿ."

ಅವಳು ಮಗನ ಮುಖ ನೋಡಿದಳು. "ನೀನೇ ಹೇಳು."

"ಯಮ್ಮಾ, ಅಲ್ಲಿ ನೀರಿನ ಪೈಪು ಒಡ್ದು ನಲವತ್ತು ದಿನ ಸೋರ್ತಾ ಇತ್ತು. ರಿಪೇರಿ ಮಾಡ್ತೀನಿ ಅಂದ್ರೂ ಬಿಡ್ಲಿಲ್ಲ. ಮನೆಗೆ ಹೋಗಾಣ."

ನಜ್ಮಿಯಾ ಕೈ ಚಾಚಿದಳು. ಕರ್ನಲ್ ನೀರು ಹೊಯ್ದ. ಆಮೇಲೆ ಸಾವಿನ ಮನೆಯಲ್ಲಿ ಕಾಫಿ ಬಂತು. ನಯೀಫ್ ಅವತ್ತೇ ರಾತ್ರಿ ಕೆಳಗಿನ ಕಚೇರಿಯ ನೆಲಮಾಳಿಗೆಯಿಂದ ಮನೆಗೆ ಬಂದ. ಜೆರಿಕೋದಿಂದ ಅಷ್ಟು ಬೇಗ ಹೇಗೆ ಬಂದ ಎಂದು ಯಾರೂ ಕೇಳಲಿಲ್ಲ.

ಖಲ್ದೂನ್ ಮನೆಯಲ್ಲಿದ್ದದ್ದು ಒಂಬತ್ತು ದಿನ. ಮೊದಲನೆಯ ದಿನವೇ ಕ್ಯಾಪ್ಟನ್ ಫಾರಿಸ್ ಫೋನು ಮಾಡಿ, "ಮಗ ಬಂದನಂತೆ, ಶುಭಾಶಯ ಉಮ್ಮ್ ಖಲ್ದೂನ್," ಎಂದಿದ್ದ. "ನಿನ್ನ ಅಮ್ಮ ನಿಂಗೆ ಇಟ್ಟ ಹೆಸರು ಯಾವ್ದಪ್ಪಾ? ಅದನ್ನ ಹೇಳಿದ್ರೆ ಮಾತಾಡ್ತೀನಿ," ಎಂದು ಅವಳು ಫೋನು ಇಟ್ಟಳು. ಆ ಒಂಬತ್ತು ದಿನದಲ್ಲಿ ಅವನು ಅವಳ ಹಿತ್ತಿಲಿನ ನೀರೊಲೆಗೆ ಹೊಸ ನಲ್ಲಿ ಹಾಕಿದ, ಹರಿದ ತೋಳನ್ನು ಅವಳು ಬಿಳಿ ದಾರದಲ್ಲಿ ಅಂಗಿಗೆ ಹೊಲಿದಳು, ಇಬ್ಬರೂ ದಿನಾ ಬೇಳೆ ಅನ್ನ ತಿಂದರು. ಹತ್ತನೆಯ ದಿನ ನಡುಮಧ್ಯಾಹ್ನ, ಕೆಲಸಕ್ಕೆ ಹೋಗುವಾಗ ತಪಾಸಣೆಯ ಗೇಟಿನಲ್ಲಿ ಇಸ್ರೇಲಿ ಸೈನಿಕರು ಅವನನ್ನು ಇಳಿಸಿಕೊಂಡರು. ಪಾನಾಗಳ ಚೀಲವನ್ನು ಟ್ಯಾಕ್ಸಿಯವನು ತಂದುಕೊಟ್ಟ. ಆಪಾದನೆ ಇಲ್ಲದೆ ಆರು ತಿಂಗಳು ಎಂದರು. ಆರು ಮುಗಿದ ಮೇಲೆ ಮತ್ತೆ ಆರು.

ಈಗ ಅವನು ಎಲ್ಲಿದ್ದಾನೆ ಎಂಬುದರಲ್ಲಿ ಯಾರಿಗೂ ಜಗಳವಿರಲಿಲ್ಲ. ಮರುಭೂಮಿಯ ಸೆರೆಮನೆ, ಅದಕ್ಕೊಂದು ನಂಬರು, ತಿಂಗಳಿಗೊಂದು ಬಸ್ಸು, ಗಾಜಿನ ಆಚೆಯಿಂದ ಮುಕ್ಕಾಲು ಗಂಟೆ. ಒತ್ತಿದ್ದರೆ ಉಳಿಯುತ್ತಿದ್ದನಲ್ಲ ಎಂದು ನೆರೆಯವರು ಆಡಿಕೊಂಡರು. ಅವಳ ಎದುರಿಗೂ ಒಬ್ಬಳು ಆಡಿದಳು. "ಉಳೀತಿದ್ನೋ ಏನೋ," ಎಂದಳು ನಜ್ಮಿಯಾ. "ಒಂಬತ್ತು ದಿನ ನನ್ನ ಹತ್ರ ಇದ್ದ. ಅಷ್ಟಂತೂ ಯಾವನ ಪಟ್ಟೀಲೂ ಇಲ್ಲ."

ಅವನು ಒಳಗೆ ಹೋದ ವಾರಕ್ಕೇ ಎರಡು ಕಚೇರಿಗಳೂ ಪೇಟೆಯಲ್ಲಿ ಫ್ಲೆಕ್ಸ್ ಕಟ್ಟಿದವು. "ನಮ್ಮ ವೀರ ಸೆರೆಯಾಳು ಖಲ್ದೂನ್." ಒಂದರಲ್ಲಿ ಪಕ್ಕಕ್ಕೆ ಮುಂದಿರ್‌ನ ಮುಖ, ಇನ್ನೊಂದರಲ್ಲಿ ಲುತ್ಫಿಯದು. ಮಗನ ಮುಖಕ್ಕಿಂತ ಅವರ ಮುಖಗಳೇ ದೊಡ್ಡವು. ಇಬ್ಬರ ಆಳುಗಳೂ ಯಾರದನ್ನು ಮೇಲೆ ಕಟ್ಟಬೇಕೆಂದು ವಿದ್ಯುತ್ ಕಂಬದ ಕೆಳಗೆ ಜಗಳವಾಡಿದರು.

ಮಾರನೆಯ ದಿನ ನಜ್ಮಿಯಾ ಹಾಡಹಗಲಿನಲ್ಲಿ ಏಣಿ ತರಿಸಿ ಎರಡನ್ನೂ ಬಿಚ್ಚಿಸಿದಳು. ಬಟ್ಟೆಯಾಗಿದ್ದರೆ ಹೆಣಕ್ಕಾದರೂ ಆಗುತ್ತಿತ್ತು, ಇದು ನೀರು ಕುಡಿಯದ ಪ್ಲಾಸ್ಟಿಕ್. ಕತ್ತರಿಯಿಂದ ಮಗನ ಮುಖದ ಎರಡು ತುಂಡುಗಳನ್ನು ಬಿಡಿಸಿ ಒಳಗಿಟ್ಟಳು. ಉಳಿದದ್ದನ್ನು ಹಿತ್ತಿಲಿಗೆ ಒಯ್ದು, ಸ್ನಾನದ ಹಲಗೆಯ ಕೆಳಗೆ, ಹೆಣದ ನೀರು ಹರಿಯುವ ಕಡೆ, ಕರ್ನಲ್‌ಗಳಿಬ್ಬರ ಮುಖಗಳನ್ನು ಮೇಲು ಮಾಡಿ ಹಾಸಿದಳು.